ಏನೂ ಬೇಡವೆಂದು ಕೇಳಿದ ಟಿವಿಯ ವಿಚಾರ

ಇಂದ:
ಸಿದ್ದೇಶ,
ಟಿವಿ ಮತ್ತು ಡಿಶ್ ಕೂರಿಸುವವನು,
ಒಂಬತ್ತನೇ ತರಗತಿ (ಮುಗಿದಿಲ್ಲ, ಮುಗಿಯುವುದೂ ಇಲ್ಲ),
ಹಳ್ಳಿಮೈಸೂರು, ಹೊಳೆನರಸೀಪುರ ತಾಲ್ಲೂಕು.

ಗೆ:
ಶ್ರೀ ನಂಜಯ್ಯನವರು,
ಹೊಗೆಸೊಪ್ಪು ಬೆಳೆಗಾರರು, ಅರ್ಜಿದಾರನ ಅಕ್ಕನಿಗೆ ಮಾವನಾಗಲಿರುವವರು,
ಸೋಫಾದ ಬಲತುದಿ, ನಡುಮನೆ,
ರಾಮನಾಥಪುರ, ಅರಕಲಗೂಡು ತಾಲ್ಲೂಕು.

ವಿಷಯ: ಅಕ್ಕ ಪ್ರತಿಭಾಳ ಮದುವೆಗೆ ತಾವು "ಏನೂ ಬೇಡ" ಎಂದು ಹೇಳಿ ಕೇಳಿರುವ ಟಿವಿಯಲ್ಲಿ ಯಾವ ಯಾವ ಗುಣ ಇರಬೇಕೆಂದು ತೀರ್ಮಾನಿಸುವ ಬಗ್ಗೆ.

ಉಲ್ಲೇಖ:
1) ವೀಳ್ಯಶಾಸ್ತ್ರದ ದಿನ ಎರಡನೇ ಸಲ ಪಾಯಸ ಬಡಿಸುವಾಗ ತಾವು ಆಡಿದ ಮಾತು.
2) ಮೂರು ದಿನ ಬಿಟ್ಟು ತಮ್ಮ ಮಗ ಶಶಿಕಿರಣ್ ಅವರ ಮೊಬೈಲಿನಿಂದ ಬಂದ ಹನ್ನೊಂದು ಅಂಶಗಳ ಪಟ್ಟಿ.
3) ಕಳೆದ ಗುರುವಾರ ಅರ್ಜಿದಾರನು ಗೋಡೆ ಅಳೆಯಲು ತಮ್ಮ ಮನೆಗೆ ಬಂದದ್ದು, ಕಾಫಿ ಮುಟ್ಟದೆ ಹೋದದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಹಲ್ಲು ಕಚ್ಚಿಕೊಂಡು ವಿನಂತಿಸುವುದೇನೆಂದರೆ:

1. ಅರ್ಜಿದಾರನಿಗೂ ಶಾಲೆಗೂ ಒಂಬತ್ತನೇ ತರಗತಿಯಲ್ಲಿ ಪರಸ್ಪರ ಸಮ್ಮತಿಯ ಮೇಲೆ ಬಿಡುಗಡೆಯಾಗಿರುತ್ತದೆ. ಅಲ್ಲಿಂದೀಚೆಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ತಾಲ್ಲೂಕಿನ ಗೋಡೆಗಳಿಗೆ ಡ್ರಿಲ್ ಹಾಕಿ, ಟಿವಿ ಕೂರಿಸಿ ಬದುಕುತ್ತಿದ್ದಾನೆ. ಈ ಅರ್ಜಿಯ ಭಾಷೆ ಮಾತ್ರ ಅವನದಲ್ಲ. ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆಯುವ ಸಣ್ಣಯ್ಯನವರದು. ಅವನು ಮೊದಲು ಬರೆದು ತಂದದ್ದನ್ನು ಓದಿ ಸಣ್ಣಯ್ಯನವರು ಕನ್ನಡಕ ತೆಗೆದು, "ಲೇ ಸಿದ್ದ, ಇದು ಅರ್ಜಿ ಅಲ್ಲ ಕಣ್ಲಾ, ಜಗಳ. ಬೈಗುಳ ಇರೋ ಜಾಗ್ದಲ್ಲೆಲ್ಲ 'ಸದರಿ' ಅಂತ ಆಕು" ಎಂದು ತಿದ್ದಿಕೊಟ್ಟಿರುತ್ತಾರೆ. ಆದ್ದರಿಂದ ಮುಂದೆ ಎಲ್ಲೆಲ್ಲಿ 'ಸದರಿ' ಬರುತ್ತದೋ ಅಲ್ಲಲ್ಲಿ ತಾವು ತಮಗೆ ತೋಚಿದ್ದನ್ನು ಓದಿಕೊಳ್ಳಬಹುದು.

2. ಉಲ್ಲೇಖ (1)ರ ದಿನ ತಾವು ಎಲೆಯ ಮುಂದೆ ಕೂತು, "ನಮ್ಗೇನೂ ಬ್ಯಾಡ ಕಣ್ರೀ. ನಿಮ್ ಮಗ್ಳು ನಮ್ ಮನೆಗ್ ಬಂದ್ರೆ ಸಾಕು. ಅವ್ಳು ನೋಡ್ಕಳಕ್ಕೆ ಅಂತ ಒಂದು ಟಿವಿ ಕೊಟ್ರೆ ಕೊಡಿ, ಬುಟ್ರೆ ಬುಡಿ" ಎಂದಿರಿ. ಪಾಯಸದ ಬಕೆಟ್ ಹಿಡಿದಿದ್ದ ಅರ್ಜಿದಾರನ ಅಪ್ಪ, "ಅದ್ಕೇನಂತೆ, ಆಗ್ಲಿ ಬುಡಿ" ಎಂದುಬಿಟ್ಟರು. ಅವರ ಲೆಕ್ಕದಲ್ಲಿ ಟಿವಿ ಎಂದರೆ ಟಿವಿ. ಮೂರು ದಿನಕ್ಕೆ ಪಟ್ಟಿ ಬಂತು. ಅರ್ಜಿದಾರನು ಫೋನ್ ಮಾಡಿ "ಏನ್ ಭಾವ ಇದು?" ಎಂದು ವಿಚಾರಿಸಲಾಗಿ, ಶಶಿಕಿರಣ್ ಅವರು "ನಂಗೇನ್ ಗೊತ್ತು ಸಿದ್ದು, ಅಪ್ಪಾಜಿ ಪೇಪರ್ನಲ್ಲಿ ಬಂದಿದ್ದ ಜಾಹೀರಾತು ತೋರ್ಸಿದ್ರು, ಅದ್ರಲ್ಲಿರೋದನ್ನೆಲ್ಲ ಬರ್ದು ಕಳಿಸ್ದೆ" ಎಂದು ಹೇಳಿಕೆ ನೀಡಿರುತ್ತಾರೆ.

3. ಕಾರಣ, ಇಂಥ ಪಟ್ಟಿಗಳನ್ನು ನೋಡಿ ನೋಡಿ ತಲೆ ಕೆಟ್ಟಿರುವ ಅರ್ಜಿದಾರನು ಸದರಿ ಪಟ್ಟಿಗೆ ಕೆಳಕಂಡಂತೆ ಷರಾ ಬರೆದಿರುತ್ತಾನೆ:

(ಅ) ಎಪ್ಪತ್ತೈದು ಇಂಚು: ತಮ್ಮ ನಡುಮನೆಯ ಅಗಲ ಹತ್ತಡಿ. ಸೋಫಾ ಮೂರಡಿ ನುಂಗಿದ ಮೇಲೆ ತಮ್ಮ ಮೂಗಿಗೂ ಟಿವಿಗೂ ಉಳಿಯುವುದು ಏಳಡಿ. ಅಷ್ಟು ಹತ್ತಿರದಿಂದ ಸುದ್ದಿ ಓದುವವನ ಹುಳುಕು ಹಲ್ಲು ಎಣಿಸಬಹುದು, ಸುದ್ದಿ ತಲೆಗೆ ಹೋಗುವುದಿಲ್ಲ. ಐವತ್ತೈದು ಸಾಕು.

(ಆ) ಎಂಟು ಕೆ ಸ್ಪಷ್ಟತೆ: ತಮ್ಮ ಮನೆಗೆ ಬರುವ ಕೇಬಲ್ಲಿನ ಚಿತ್ರವೇ ಮಾಸಲು. ಅದನ್ನು ಎಂಟು ಕೆ ಪರದೆಯಲ್ಲಿ ಹಾಕುವುದೆಂದರೆ ಹರಕು ಪಂಚೆಗೆ ಇಸ್ತ್ರಿ ಹಾಕಿದಂತೆ. ತೂತು ಇನ್ನೂ ಚೆನ್ನಾಗಿ ಕಾಣುತ್ತದೆ. ನಾಲ್ಕು ಕೆ ಧಾರಾಳ.

(ಇ) ನೂರಿಪ್ಪತ್ತು ಹರ್ಟ್ಸ್: ಚಿತ್ರ ಸೆಕೆಂಡಿಗೆ ನೂರಿಪ್ಪತ್ತು ಸಲ ಬದಲಾಗುವ ಇದು ಗೇಮ್ ಆಡುವ ಹುಡುಗರಿಗೆ. ಹೊಗೆಸೊಪ್ಪು ಹದಕ್ಕೆ ಬರಲೆಂದು ಅದನ್ನು ಒಣಗಿಸುವ ಬ್ಯಾರನ್ ಮನೆ ಮುಂದೆ ಐದು ದಿನ ಕಾಯುವ ಕಣ್ಣಿಗೆ ಅಷ್ಟು ಅವಸರ ಯಾಕೆ?

(ಈ) ಬಾಯಿಮಾತು ಕೇಳುವ ರಿಮೋಟು: ಇದರ ವಿಚಾರ 4ನೇ ಅಂಶದಲ್ಲಿ ಬರುತ್ತದೆ. ಅಲ್ಲಿಯವರೆಗೆ ತಾಳ್ಮೆ ಇರಲಿ.

(ಉ) ಶಬ್ದ: ಹನ್ನೊಂದರಲ್ಲಿ ಇದೊಂದು ನ್ಯಾಯವಾದದ್ದು. ತೆಳ್ಳಗಿನ ಟಿವಿಗೆ ಗಂಟಲಿರುವುದಿಲ್ಲ. ಒಳ್ಳೆಯ ಸ್ಪೀಕರ್ ಇರಲೇಬೇಕು.

ಉಳಿದ ಆರೂ ಜಾಹೀರಾತು ಬರೆದವನ ಹೊಟ್ಟೆಪಾಡು. ಅರ್ಜಿದಾರನಿಗೆ ಅವನ ಮೇಲೆ ಸಿಟ್ಟಿಲ್ಲ.

4. ಉಲ್ಲೇಖ (3)ರಂತೆ ಅರ್ಜಿದಾರನು ಟೇಪು ಹಿಡಿದು ಬಂದಾಗ ತಾವು ಸದರಿ ಸೋಫಾದ ಬಲತುದಿಯಲ್ಲಿ, ಹಳೇ ಟಿವಿಯ ಮುಂದೆ ವಿರಾಜಮಾನರಾಗಿದ್ದಿರಿ. ಆ ಟಿವಿಗೆ ಯಾವ ರೋಗವೂ ಇಲ್ಲವೆಂಬುದನ್ನು ಇಲ್ಲಿ ದಾಖಲಿಸಲಾಗಿದೆ. ತಮ್ಮ ಪತ್ನಿ ನೀಲಾಂಬಿಕೆಯವರು ಅಡಿಗೆಮನೆ ಬಾಗಿಲಿಗೆ ಒರಗಿ ನಿಂತು ಧಾರಾವಾಹಿ ನೋಡುತ್ತಿದ್ದರು. ತಾವು "ಏಯ್, ರಿಮೋಟು" ಎಂದಿರಿ. ಅವರು ಬಂದು, ತಮ್ಮ ಮೊಣಕಾಲಿನಿಂದ ಗೇಣುದ್ದ ದೂರದಲ್ಲಿ ಬಿದ್ದಿದ್ದ ರಿಮೋಟನ್ನು ಎತ್ತಿ ತಮ್ಮ ಕೈಗೆ ಕೊಟ್ಟು, ವಾಪಸು ಹೋಗಿ ನಿಂತರು. ಸದರಿ ತಾವು ಚಾನೆಲ್ ಬದಲಾಯಿಸಿದಿರಿ. ಆದ್ದರಿಂದ ಬಾಯಿಮಾತು ಕೇಳುವ ಸೌಲಭ್ಯ ತಮ್ಮ ಮನೆಯಲ್ಲಿ ಈಗಾಗಲೇ ಇದೆ; ಎರಡನೆಯದು ಬೇಕಿಲ್ಲ.

ಅರ್ಜಿದಾರನು "ಕೂತ್ಕಳಿ ಅತ್ತೆ" ಎಂದ. "ಇಲ್ಲ ಕಣಪ್ಪ, ಒಲೆ ಮ್ಯಾಲೆ ಆಲು ಐತೆ" ಎಂದರು. ಪ್ಲಗ್ ಪಾಯಿಂಟ್ ನೋಡುವ ನೆಪದಲ್ಲಿ ಒಳಗೆ ಹೋಗಿ ನೋಡಲಾಗಿ ಒಲೆ ಆರಿತ್ತು, ಹಾಲಿನ ಪಾತ್ರೆ ತೊಳೆದು ಬೋರಲು ಹಾಕಿತ್ತು. ಬಾಗಿಲ ಚೌಕಟ್ಟಿನಲ್ಲಿ ಅವರ ಭುಜದ ಎತ್ತರಕ್ಕೆ ಅಂಗೈಯಗಲ ಬಣ್ಣ ಸವೆದು ಮರ ಕಾಣುತ್ತಿತ್ತು. ಅರ್ಜಿದಾರನು ಅದೇ ಜಾಗಕ್ಕೆ ತನ್ನ ಭುಜ ಕೊಟ್ಟು ನಿಂತು ನೋಡಿದ. ಟಿವಿ ಹದಿನಾರಡಿ ದೂರ, ಓರೆ. ನಡುವೆ ಫ್ರಿಜ್ಜು ಅಡ್ಡ. ಬಲಗಡೆಯ ಅರ್ಧ ಕಾಣುವುದೇ ಇಲ್ಲ.

"ಬರೀ ಅರ್ಧ ಕಾಣ್ತದಲ್ಲ ಅತ್ತೆ?"

"ಎಲ್ಲಾ ಗೊತ್ತಾಯ್ತದೆ ಕಣಪ್ಪ. ಆ ಧಾರಾವಾಯಿ ಅತ್ತೆ ಯಾವಾಗ್ಲೂ ಆ ಕಡೇನೇ ನಿಂತ್ಕತಾಳೆ. ಎಲ್ಡು ವರ್ಸ ಆಯ್ತು, ಅವ್ಳ ಮೊಕಾನೇ ಸರಿಯಾಗಿ ನೋಡಿಲ್ಲ. ದನೀಲೇ ಕೆಟ್ಟೋಳು ಅಂತ ಗೊತ್ತಾಗೋಯ್ತು" ಎಂದು ನಕ್ಕರು. ಆಮೇಲೆ ಚೌಕಟ್ಟಿನ ಇನ್ನೊಂದು ಬದಿಯನ್ನು ಸೆರಗಿನಿಂದ ಒರೆಸಿ, "ಈ ಕಡೆ ಖಾಲಿ ಐತೆ. ನಿಮ್ಮಕ್ಕ ಬರ್ಲಿ, ಇಬ್ರಿಗೂ ಜಾಗ ಆಯ್ತದೆ" ಎಂದರು.

ಅವರು ಅದನ್ನು ಪ್ರೀತಿಯಿಂದಲೇ ಹೇಳಿದ್ದು. ಅರ್ಜಿದಾರನ ಸಿಟ್ಟು ನೆತ್ತಿಗೇರಿದ್ದೂ ಅದಕ್ಕೇ. ಅವನು ಟೇಪು ಸುತ್ತಿಕೊಂಡು ಕಾಫಿ ಬಿಟ್ಟು ಹೊರಟಾಗ, "ನಾಚ್ಕೆ ಸ್ವಭಾವ ಉಡ್ಗಂದು" ಎಂದು ತಾವು ಹೇಳಿದ್ದು ಗೇಟಿನವರೆಗೆ ಕೇಳಿಸಿತು. ಅದು ನಾಚಿಕೆಯಲ್ಲ, ಸದರಿ ನಂಜಯ್ಯನವರೇ.

5. ಅಕ್ಕ ಪ್ರತಿಭಾ ಚನ್ನರಾಯಪಟ್ಟಣದ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಗಿರಾಕಿ ಕೂರಬಹುದು, ಸೀರೆ ಬಿಚ್ಚಿ ತೋರಿಸುವವಳು ಕೂರುವಂತಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ನಿಂತು, ಬಸ್ಸಿನಲ್ಲಿ ಸೀಟು ಸಿಕ್ಕದೆ ನಿಂತೇ ಬಂದು, ಮನೆ ಹೊಸಿಲು ದಾಟಿದ ಕೂಡಲೇ ಕಾಲು ಚಾಚಿ ಕೂರುತ್ತಾಳೆ. ಅವಳು ಹಾಗೆ ಕೂತಾಗ ಅಮ್ಮ ಕೂಡ ಒಂದು ಲೋಟ ನೀರು ಕೇಳುವುದಿಲ್ಲ. ಅರ್ಜಿದಾರನು ಕಂಡದ್ದನ್ನೆಲ್ಲ ಹೇಳಿ, "ಈ ಸಂಬಂಧ ಬ್ಯಾಡ ಕಣಕ್ಕ. ಅಲ್ಲೂ ನಿಂತ್ಕಳದೇ ಐತೆ" ಎಂದ.

ಅವಳು ಪಾದ ಒತ್ತಿಕೊಳ್ಳುತ್ತ ಹೀಗೆಂದಳು: "ನಿನ್ ಕೇಳಿ ಒಪ್ಕಂಡ್ನೇನ್ಲಾ? ನಂಗೆ ಅವ್ರು ಇಷ್ಟ, ಮದ್ವೆ ಆಯ್ತೀನಿ. ಆದ್ರೆ ಆ ಬಾಗ್ಲತ್ರ ಒಂದಿನಾನೂ ನಿಂತ್ಕಳಲ್ಲ. ಊರೋರ ಮನೇಲೆಲ್ಲ ಟಿವಿ ಕೂರುಸ್ತೀಯಲ್ಲ, ಓಗು, ಮೊದ್ಲು ಅಲ್ಲಿ ಮನುಷ್ಯರ್ನ ಕೂರ್ಸು."

6. ಆದ ಕಾರಣ, ತಮ್ಮ ಪಟ್ಟಿಯಲ್ಲಿಲ್ಲದ ಹನ್ನೆರಡನೇ ಗುಣವೊಂದನ್ನು ಅರ್ಜಿದಾರನು ಸೇರಿಸಿದ್ದ: ಓರೆಯಿಂದ ನೋಡಿದರೂ ಬಣ್ಣ ಮಾಸದ ಪರದೆ. ಅಂಗಡಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಟಿವಿ ಆರಿಸಲು ಬರುವವರೆಲ್ಲ ಎದುರಿಗೆ ಕೂರುವವರೇ. ಅಂಥದ್ದು ತಂದು, ಫ್ರಿಜ್ಜು ಸರಿಸಿದರೆ ಬಾಗಿಲಿಗೂ ಚೆನ್ನಾಗಿ ಕಂಡೀತು ಎಂದು ಒಂದು ದಿನ ಪೂರ್ತಿ ಯೋಚಿಸಿ, ಆಮೇಲೆ ತನ್ನನ್ನು ತಾನೇ ಬೈದುಕೊಂಡು, ಸದರಿ ಗುಣವನ್ನು ಹೊಡೆದುಹಾಕಿರುತ್ತಾನೆ. ಬೇಕಾದದ್ದು ಟಿವಿಯೊಳಗೆ ಇಲ್ಲ.

ಆದ್ದರಿಂದ, ಅಪ್ಪ "ಆಗ್ಲಿ" ಎಂದಾಗಿರುವ ಕಾರಣ, ಟಿವಿ ಬಂದೇ ಬರುತ್ತದೆ: ಐವತ್ತೈದು ಇಂಚು, ನಾಲ್ಕು ಕೆ, ಒಳ್ಳೆಯ ಗಂಟಲು. ಬರುವ ಸೋಮವಾರ ಬೆಳಿಗ್ಗೆ ಅರ್ಜಿದಾರನೇ ಡ್ರಿಲ್ ಸಮೇತ ತರುತ್ತಾನೆ. ಆ ವೇಳೆಗೆ ತಮ್ಮ ನಡುಮನೆಯಲ್ಲಿ, ಟಿವಿಗೆ ಎದುರಾಗಿ, ಬೆನ್ನು ಒರಗುವಂಥ ಎರಡು ಕುರ್ಚಿ ಹಾಕಿಸಿರತಕ್ಕದ್ದು. ಒಗೆದ ಬಟ್ಟೆ ಹೇರಿರುವ ಮೂಲೆಯ ಸ್ಟೂಲು ನಡೆಯುವುದಿಲ್ಲ. ಒಂದರಲ್ಲಿ ಅತ್ತೆಯವರು ಕೂತಿರತಕ್ಕದ್ದು. ಇನ್ನೊಂದು ಅಕ್ಕನಿಗಾಗಿ ಖಾಲಿ ಇರತಕ್ಕದ್ದು.

ತಪ್ಪಿದಲ್ಲಿ ಸದರಿ ಟಿವಿಯನ್ನು ಅಡಿಗೆಮನೆಯ ಗೋಡೆಗೆ ಕೂರಿಸಲಾಗುವುದು. ಅಲ್ಲಿ ಗೋಡೆ ಗಟ್ಟಿ ಇದೆ, ಪ್ಲಗ್ ಪಾಯಿಂಟ್ ಇದೆ, ಎದುರಿಗೆ ಇಬ್ಬರು ಕಾಲು ಚಾಚಿ ಕೂರುವಷ್ಟು ನೆಲವೂ ಇದೆ. ತಾವು ಮತ್ತು ಭಾವನವರು ನೋಡಲು ಇಚ್ಛಿಸಿದಲ್ಲಿ, ಬಾಗಿಲ ಚೌಕಟ್ಟನ್ನು ಎರಡೂ ಬದಿ ಅಳೆಯಲಾಗಿದೆ. ಇಬ್ಬರಿಗೂ ಜಾಗ ಆಗುತ್ತದೆ.

ಯಾವ ಗೋಡೆ ಎಂಬುದನ್ನು ಭಾನುವಾರದೊಳಗೆ ತಿಳಿಸಬೇಕಾಗಿ ವಿನಂತಿ.

ಸೋಮವಾರದವರೆಗೆ ತಮ್ಮ ವಿಶ್ವಾಸಿ,
ಸಿದ್ದೇಶ

ಲಗತ್ತುಗಳು:
1) ಷರಾ ಬರೆದ ಪಟ್ಟಿ.
2) ಬಣ್ಣ ಸವೆದ ಚೌಕಟ್ಟಿನ ಫೋಟೊ, ಒಂದು.
3) ನಡುಮನೆಯ ನಕ್ಷೆ, ಕುರ್ಚಿ ಹಾಕುವ ಜಾಗಕ್ಕೆ ಕೆಂಪು ಇಂಕಿನ ಗುರುತು.
4) ಸ್ಕ್ರೂ, ನಾಲ್ಕು. ಎರಡೂ ಗೋಡೆಗೆ ಹೊಂದುತ್ತವೆ.

ಪ್ರತಿ: ಶ್ರೀಮತಿ ನೀಲಾಂಬಿಕೆಯವರಿಗೆ, ಅಡಿಗೆಮನೆ ಬಾಗಿಲು, ರಾಮನಾಥಪುರ. ದಯಮಾಡಿ ಕೂತು ಓದಿಕೊಳ್ಳಬೇಕಾಗಿ ಕೋರಿಕೆ.