ರಬ್ಬರ್ ಉಡುಪಿಗೆ ಹೂವಿನ ಪಟ್ಟಿ

ಈಜು ಕಲಿಸೋ ಮೇಷ್ಟ್ರು ಇರ್ತಾರೆ ಅಂತ ಗೊತ್ತಿತ್ತು. ಮುಳುಗೋದು ಕಲಿಸೋ ಮೇಷ್ಟ್ರೂ ಇದಾರೆ ಅಂತ ಕೇಳಿದ್ದು ಆವತ್ತೇ ಮೊದಲು! ನಾನು ಯಾರದೋ ಪ್ಯಾಂಟಿನ ಕಾಲು ಮಡಚಿ ಹೊಲೀತಿದ್ದೆ. ಮೊಮ್ಮಗಳು ಪಕ್ಕದ ಸ್ಟೂಲಿನ ಮೇಲೆ ಕೂತು ಸುಮ್ಮನೆ ದಾರದ ಉಂಡೆ ಉರುಳಿಸ್ತಿದ್ದಳು. ಅವಳು ಸುಮ್ಮನಿದ್ದಾಳೆ ಅಂದ್ರೆ ಏನೋ ಇದೆ ಅಂತಲೇ ಅರ್ಥ.

"ಅಜ್ಜಿ, ನನಗೊಬ್ಬರು ಇಷ್ಟ ಆಗಿದಾರೆ. ಗಡಿಯಾಚೆ, ಸಮುದ್ರದ ಊರು. ಸ್ಕೂಬಾ ಕಲಿಸ್ತಾರೆ. ನೀರಲ್ಲಿ ಮುಳುಗೋದು."

"ಮುಳುಗೋಕೆ ಮೇಷ್ಟ್ರು ಯಾಕೆ? ಅದು ತಾನಾಗೇ ಬರುತ್ತಲ್ಲೇ!"

ಇವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ನೀರೊಳಗೆ ಕಟ್ಟಿಕೊಳ್ಳೋ ಮುಖವಾಡದ ಗಾಜಿಗೆ ನಂಬರು ಹಾಕಿಸೋಕೆ ಅವನು ಬಂದಿದ್ದನಂತೆ. ಗಾಜಿಗೂ ನಂಬರು ಬಿತ್ತು, ಇವಳ ಫೋನ್ ನಂಬರೂ ಹೋಯ್ತು!

"ನೀನು ಬೇಡ ಅಂದ್ರೆ ಬಿಟ್ಟುಬಿಡ್ತೀನಿ ಅಜ್ಜಿ," ಅಂದಳು. ಐದು ವರ್ಷದ ಮಗುವಾಗಿದ್ದಾಗಿನಿಂದ ನನ್ನ ಕೈಯಲ್ಲೇ ಬೆಳೆದವಳು. ಅಂದಳು ಅಂದ್ರೆ ಮಾಡಿಯೇ ಬಿಡ್ತಾಳೆ.

"ಶನಿವಾರ ಇಬ್ಬರೂ ಹೊರಡೋಣ. ನಲವತ್ತು ವರ್ಷ ಊರಿನ ಅಳತೆ ತೆಗೆದ ಕೈ ಇದು. ಭುಜಕ್ಕೆ ಟೇಪು ಹಿಡಿದರೆ ಸಾಕು, ಆಳಿನ ಯೋಗ್ಯತೆ ಹೇಳ್ತೀನಿ. ಅರ್ಧ ಇಂಚು ಕಮ್ಮಿ ಬಂದರೂ ಬೇಡ ಅಂದು ಬರ್ತೀನಿ!"

ಗಡಿಯಲ್ಲಿ ಒಬ್ಬ ಅಧಿಕಾರಿ ನನ್ನ ಚೀಲದಿಂದ ಕತ್ತರಿ, ಸೂಜಿ ಡಬ್ಬಿ, ಹೂವಿನ ಚಿತ್ರದ ಹೊದಿಕೆ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ.

"ಪ್ರಯಾಣದ ಉದ್ದೇಶ ಏನಮ್ಮ?"

"ಒಬ್ಬನನ್ನ ಬೇಡ ಅನ್ನೋಕೆ."

ಅವನು ಕತ್ತರಿ ನೋಡಿದ, ನನ್ನ ಮುಖ ನೋಡಿದ. "ಅಜ್ಜಿ ದರ್ಜಿ ಸಾರ್! ಬರೀ ದರ್ಜಿ!" ಅಂತ ಮೊಮ್ಮಗಳು ಗೋಗರೆದ ಮೇಲೆ ಬಿಟ್ಟ.

ಹುಡುಗ ಸಿಕ್ಕಿದ. ಭುಜ ನೆಟ್ಟಗಿತ್ತು. ಮಾತೂ ನೆಟ್ಟಗಿತ್ತು. ನನಗೆ ನೆರಳಿಗೆ ಕುರ್ಚಿ ಹಾಕಿಕೊಟ್ಟ. ಥೂ, ಒಂದು ಹುಳುಕಾದರೂ ಬೇಡವೇ! ಅಷ್ಟರಲ್ಲಿ ಸಿಕ್ಕಿತು ನೋಡಿ. ಮೊಮ್ಮಗಳಿಗೆ ಕತ್ತಿನಿಂದ ಕಾಲಿನ ತನಕ ಒಂದೇ ಚರ್ಮದ ಹಾಗಿದ್ದ ರಬ್ಬರ್ ಉಡುಪು ತೊಡಿಸೋಕೆ ಇಬ್ಬರು ಸೇರಿ ಎಳೀತಿದ್ದರು.

"ಉಸಿರು ಕಟ್ಟುತ್ತೆ ಅಜ್ಜಿ!" ಅಂತ ನಕ್ಕಳು.

"ಅದು ಬಿಗಿಯಾಗೇ ಇರಬೇಕು," ಅಂದ ಅವನು.

ಕೆಟ್ಟ ದರ್ಜಿಗಳೆಲ್ಲ ಹೇಳೋ ಮಾತೇ ಇದು!

ಮಧ್ಯಾಹ್ನ ಮೊಮ್ಮಗಳೂ ಕಲಿಯೋಕೆ ಬಂದಿದ್ದ ಇನ್ನೂ ನಾಲ್ವರೂ ಒಳಗೆ ಪಾಠಕ್ಕೆ ಕೂತರು. ಐದು ಉಡುಪು ಹಗ್ಗದ ಮೇಲೆ ನೇತಾಡ್ತಿದ್ದವು. ಹೊಲಿಗೆ ಬಿಚ್ಚಿ ಸಡಿಲ ಮಾಡೋಣ ಅಂದ್ರೆ ಒಳಗೆ ಒಂದು ಬೆರಳಗಲ ಬಟ್ಟೆಯನ್ನೂ ಬಿಟ್ಟಿರಲಿಲ್ಲ, ಜಿಪುಣರು! ಹೊದಿಕೆ ಹರಿದು ಪಟ್ಟಿ ಮಾಡಿದೆ. ಮೊಮ್ಮಗಳ ಉಡುಪನ್ನ ಕಂಕುಳಿಂದ ಸೊಂಟದ ತನಕ ಕತ್ತರಿಸಿ ನಡುವೆ ಪಟ್ಟಿ ಸೇರಿಸಿ ಹೊಲಿದೆ. ಆಮೇಲೆ ಪಾಪ, ಮಿಕ್ಕವರೂ ಯಾರೋ ಹೆತ್ತ ಮಕ್ಕಳೇ ಅಲ್ಲವೇ? ಐದಕ್ಕೂ ಹೊಲಿದೆ! ಮೇಷ್ಟ್ರದ್ದು ಮೈಮೇಲೇ ಇದ್ದದ್ದಕ್ಕೆ ಉಳೀತು.

ಭಾನುವಾರ ಬೆಳಿಗ್ಗೆ ದೋಣಿ ಹೋಯ್ತು, ನಾನೂ ಹತ್ತಿ ಕೂತಿದ್ದೆ. ಲಂಗರು ನೋಡೋಕೆ ಅವನು ಮೊದಲೇ ನೀರಿಗೆ ಇಳಿದ. ಇವರಿಗೆ ಉಡುಪು ಬೆಣ್ಣೆಯ ಹಾಗೆ ಏರಿತು. ಪಟ್ಟಿ ಕೈಯಡಿಗೆ ಮಡಚಿ ಕೂತದ್ದು ಯಾರ ಕಣ್ಣಿಗೂ ಬೀಳಲಿಲ್ಲ. "ಇವತ್ತು ನಾನು ತೆಳ್ಳಗಾಗಿದ್ದೀನಿ!" ಅಂತ ಅವರಲ್ಲೊಬ್ಬ ದಪ್ಪನೆಯ ಬ್ಯಾಂಕ್ ಗುಮಾಸ್ತರು ಕುಣಿದೇ ಬಿಟ್ಟರು. ನಾನು ಗಂಭೀರವಾಗಿ ಕೂತಿದ್ದೆ, ದಾನ ಮಾಡಿ ಹೆಸರು ಹೇಳದ ಮಹಾರಾಣಿಯ ಹಾಗೆ!

ಧುಡುಂ, ಧುಡುಂ ಅಂತ ಐವರೂ ಹಾರಿದರು. ಮರುಗಳಿಗೆ ಪಟ್ಟಿಗಳೆಲ್ಲ ಉಬ್ಬಿ ಐದು ಹೂವಿನ ದಿಂಬು ತೇಲಿದವು!

"ಅಯ್ಯೋ! ಸಮುದ್ರ ನನ್ನ ಒಳಗೆ ಬಂತು!" ಅಂತ ಗುಮಾಸ್ತರು ಕಿರುಚಿದರು. ಎಲ್ಲರ ಹಲ್ಲೂ ಕಟಕಟ. ಹುಡುಗ ಎರಡೇ ನಿಮಿಷಕ್ಕೆ ಎಲ್ಲರನ್ನೂ ದೋಣಿಗೆ ಹತ್ತಿಸಿದ. ಮೊಮ್ಮಗಳ ತುಟಿ ನೀಲಿ ಆಗಿತ್ತು.

"ಅಜ್ಜೀ! ಇದು ನಮ್ಮನೆ ಹೊದಿಕೆ!"

ಅವನು ಪಟ್ಟಿ ಮುಟ್ಟಿ ನೋಡಿದ. ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ಚೆನ್ನಾಗಿತ್ತು. "ಒಳಗೆ ಸೇರಿದ ಚೂರು ನೀರು ಮೈಶಾಖಕ್ಕೆ ಬೆಚ್ಚಗಾಗುತ್ತೆ ಅಜ್ಜಿ. ಬಿಗಿ ಇದ್ದರೆ ಅದು ಅಲ್ಲೇ ನಿಲ್ಲುತ್ತೆ. ಅದಕ್ಕೇ ಬಿಗಿ," ಅಂದ.

ಮೊಮ್ಮಗಳು ನನ್ನ ಕಡೆ ತಿರುಗಲೇ ಇಲ್ಲ. ಇವನು ಈಗ ಒಂದೇ ಒಂದು ಸಲ ಬೇಡ ಅಂದರೆ ಮುಗೀತು, ನನ್ನ ಕೂಸಿನ ಬಾಳು ನನ್ನ ಕತ್ತರಿಗೇ ಸಿಕ್ಕಿತು.

"ತಪ್ಪು ನಂದು ಕಣಪ್ಪ. ನನ್ನ ಮೇಲಿನ ಸಿಟ್ಟಿಗೆ ಅವಳನ್ನ ಬಿಡಬೇಡ," ಅಂದೆ. ಬೇಡ ಅನ್ನೋಕೆ ಹೋದವಳು ಬೇಡಿಕೊಳ್ಳೋಕೆ ನಿಂತೆ, ನೋಡಿ ನನ್ನ ಪ್ರತಾಪ!

ಅವನು ಮೊದಲು ಗುಮಾಸ್ತರಿಗೆ ಕಂಬಳಿ ಹೊದಿಸಿದ. ದಡ ಸೇರಿದ ಮೇಲೆ ನನ್ನ ಪಕ್ಕದಲ್ಲೇ ಕೂತ. ನಾನು ಪಟ್ಟಿ ಬಿಚ್ಚುತ್ತಾ ಹೋದೆ, ಅವನು ಅಂಟು ಹಚ್ಚಿ ಕೂಡಿಸುತ್ತಾ ಬಂದ. ಸಂಜೆ ತನಕ ಒಂದು ಬಿರುಸು ಮಾತಿಲ್ಲ. ಟೇಪು ಚೀಲದಿಂದ ಹೊರಗೇ ಬರಲಿಲ್ಲ. ಬೇಕಾಗಲೂ ಇಲ್ಲ.

ಬಸ್ಸು ಹೊರಡೋ ಹೊತ್ತಿಗೆ ಗಂಟಲು ಸರಿ ಮಾಡಿಕೊಂಡು ಅಂದೆ: "ನನ್ನ ಕಡೆಯಿಂದ ಪೂರ್ತಿ ಒಪ್ಪಿಗೆ. ನಿನ್ನ ಕಡೆಯಿಂದ ಏನಾದರೂ ಕೇಳೋದಿದ್ದರೆ ಸಂಕೋಚ ಪಡಬೇಡಪ್ಪ, ಕೇಳು."

ಮೊಮ್ಮಗಳ ಮುಖ ಅರಳಿತು. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಕಿವಿ ಕೆರೆದುಕೊಂಡ.

"ಒಂದೇ ಒಂದು, ಅಜ್ಜಿ. ಮದುವೆಗೆ ನನ್ನ ಕೋಟು ಮಾತ್ರ... ರೆಡಿಮೇಡ್ ತಗೊಳ್ಳಲಾ?"