ಉದಗೀರ ಬಸ್ಸಿನಲ್ಲಿ ನೀತಿಪಾಠ

ನನ್ನ ತಾಯಿ ಮಲಕಮ್ಮನಿಗೆ ಮೊಮ್ಮಗಳನ್ನು ತಿದ್ದಲು ಬೀರಪ್ಪ ದೇವರೊಬ್ಬನೇ ಸಾಕು. ಸುಳ್ಳು ಹೇಳಿದರೆ ಬೀರಪ್ಪ ಬಾಯಿ ಸೊಟ್ಟ ಮಾಡುತ್ತಾನೆ, ಹಾಲು ಕುಡಿಯದೆ ಬಿಟ್ಟರೆ ತೋಳ ಕಳಿಸುತ್ತಾನೆ. ಕುರಿ ಕಾಯುವ ದೇವರಿಗೆ ಮಹಾರಾಷ್ಟ್ರದ ಉಮರ್ಗಾದ ನಮ್ಮ ಮನೆಯಲ್ಲಿ ಪೊಲೀಸ್ ಖಾತೆಯ ಹೆಚ್ಚುವರಿ ಹೊಣೆ. ಒಂದು ಮಧ್ಯಾಹ್ನ ಏಳು ವರ್ಷದ ಮಗಳು ಮೀನಲ ದೇವರ ಪಟಕ್ಕೆ ಅಜ್ಜಿಯ ಕಂಬಳಿ ಹೊದಿಸಿ, ಡಬ್ಬಿಯಲ್ಲಿದ್ದ ಶೇಂಗಾ ಉಂಡೆಗಳನ್ನೆಲ್ಲ ಮುಗಿಸಿದಳು. ಕೇಳಿದರೆ, ಬೀರಪ್ಪನಿಗೆ ಕಂಡೇ ಇಲ್ಲವಲ್ಲ ಎಂದಳು.

ಆ ಕ್ಷಣವೇ ನನಗೆ ಜ್ಞಾನೋದಯವಾಯಿತು. ಇನ್ನು ದೇವರ ಭಯವಿಲ್ಲದೆ ನೀತಿ ಕಲಿಸುವೆನೆಂದು ಸಾರಿದೆ. ಏನು ಮಾಡುವ ಮೊದಲೂ ‘ಎದುರಿನವರಿಗೆ ಹೆಂಗ ಅನಸ್ತದ’ ಎಂದು ಕೇಳಿಕೊಳ್ಳಬೇಕು. ಇದೊಂದೇ ಸೂತ್ರ.

ಅವ್ವನಿಗೆ ಇದು ರುಚಿಸಲಿಲ್ಲ. “ನಿನಗ ಬೀರಪ್ಪನ ಹೆಸರ ಹೇಳೇ ಬೆಳಸೀನಿ. ನೀ ಏನ್ ಕೆಟ್ಟ ಹೋಗೀದಿ?”

ನನ್ನ ಹೆಂಡತಿ ವಿಜಯಶ್ರೀ ಕೆಮ್ಮಿದಳು. (ಆ ಕೆಮ್ಮಿಗೆ ಯಾವ ವೈದ್ಯರ ಹತ್ತಿರವೂ ಔಷಧವಿಲ್ಲ.)

ಸೂತ್ರ ಫಲಿಸಿತು. ಪಕ್ಕದ ಮನೆಯ ಕಾಂತಾಬಾಯಿಯ ಹೂವಿನ ಕುಂಡ ಒಡೆದದ್ದು ತಾನೇ ಎಂದು ಮೀನಲ ತಾನಾಗಿ ಹೋಗಿ ಹೇಳಿಬಂದಳು. ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಅಷ್ಟರಲ್ಲಿ ಉದಗೀರದ ನನ್ನ ಮಾವ ಮಹಾದೇವಪ್ಪನವರ ಮನೆಯಲ್ಲಿ ತೊಟ್ಟಿಲ ಕಾರ್ಯ ಬಂತು. ಬಸ್ಸು ನಿಲ್ಲುವ ಮೊದಲೇ ನಾನು ರಣರಂಗಕ್ಕೆ ನುಗ್ಗಿ ಕಿಟಕಿಯೊಳಗೆ ಟವೆಲ್ಲು, ಕೈಚೀಲ, ಕೊಡೆ ಎಸೆದೆ. ಮೂರು ಸೀಟಿನ ಸಾಮ್ರಾಜ್ಯ ನನ್ನದಾಯಿತು. ಅವ್ವ, ವಿಜಯಶ್ರೀ ಕೂತರು. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಕಿಟಕಿ ಹಿಡಿದೆ. ಪಕ್ಕದಲ್ಲಿ ಒಬ್ಬ ಮುದುಕಿ ಕಂಬ ಹಿಡಿದು ನಿಂತಿದ್ದಳು.

“ಅಪ್ಪಾ, ಈ ಆಯಿ ನಮ್ಮಕಿಂತ ಮೊದಲ ಹತ್ಯಾಳ. ನಿನ್ನ ಟಾವೆಲ್ ನೋಡಿ ಆಕಿಗಿ ಹೆಂಗ ಅನಸಿರಬೇಕು?”

ನಾನು ಕಿಟಕಿಯಾಚೆಯ ಸೋಯಾಬೀನ್ ಹೊಲಗಳನ್ನು ಆಳವಾಗಿ ಅಭ್ಯಾಸ ಮಾಡತೊಡಗಿದೆ. (ಬಸ್ಸು ಇನ್ನೂ ನಿಲ್ದಾಣ ಬಿಟ್ಟಿರಲಿಲ್ಲ.)

ಮಗಳು ಕಾಯಲಿಲ್ಲ. ನಮ್ಮಪ್ಪನೇ ಇದನ್ನು ಕಲಿಸಿದ್ದು, ಈಗ ಎದ್ದು ಜಾಗ ಕೊಡುತ್ತಾನೆ ಎಂದು ಇಡೀ ಬಸ್ಸಿಗೆ ಮರಾಠಿಯಲ್ಲಿ ಘೋಷಿಸಿದಳು. ಎಲ್ಲರೂ ತಿರುಗಿ ನೋಡಿದರು. ಎದ್ದೆ. ಮುದುಕಿ ಕೂತು ತಲೆ ಸವರಿ ಹರಸಿದಳು, ನನ್ನದಲ್ಲ, ಮಗಳದು. ಕಂಡಕ್ಟರ್ ನನ್ನನ್ನು ಗುರೂಜಿ ಎಂದು ಕರೆಯತೊಡಗಿದ. ನಿಲಂಗಾದಲ್ಲಿ ಒಂದು ಸೀಟು ಖಾಲಿಯಾಯಿತು. ನನ್ನ ಮೊಣಕಾಲು ಅರ್ಧ ಬಾಗಿತ್ತು. ಗುರೂಜಿ ಬೇಡ ಅನ್ನುವವರಲ್ಲ ಎಂದು ಕಂಡಕ್ಟರ್ ಕೂಸಿನ ತಾಯಿಯೊಬ್ಬಳನ್ನು ಕರೆದು ಕೂರಿಸಿದ. ಬಾಗಿದ್ದನ್ನು ನೆಟ್ಟಗೆ ಮಾಡಿದೆ.

ಅವ್ವ ಮೆತ್ತಗೆ ಅಂದಳು: “ಬೀರಪ್ಪಗ ಎರಡೇ ಕಣ್ಣ ಇದ್ದವಪ್ಪ. ನೀ ಬಸ್ಸಿಗೆಲ್ಲಾ ಕಣ್ಣ ಹಚ್ಚಿದಿ.”

ಉದಗೀರ ಮುಟ್ಟಿದಾಗ ಕಾಲು ನನ್ನವಾಗಿರಲಿಲ್ಲ. ಸೀದಾ ಊಟದ ಮೊದಲ ಪಂಕ್ತಿಯಲ್ಲಿ, ಮಾವನ ಪಕ್ಕ, ಅಳಿಯನಿಗೆ ಸಲ್ಲುವ ಠೀವಿಯಿಂದ ಕುಸಿದೆ. ವಿಜಯಶ್ರೀ ಸೆರಗು ಸಿಕ್ಕಿಸಿಕೊಂಡು ಬಡಿಸಲು ಬಂದಳು. ಮೀನಲ ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು.

“ಅಪ್ಪಾ, ಅವ್ವ ಯಾವತ್ತೂ ಆಖರಿಗಿ ಉಣ್ತಾಳ. ಆಕಿಗಿ ಹೆಂಗ ಅನಸ್ತದ?”

ಪಂಕ್ತಿಯೆಲ್ಲ ಕೈ ತಡೆದು ಕೂತಿತು. ಮಾವ ಮೀಸೆಯೊಳಗೇ ನಕ್ಕರು. ನಾನು ಎದ್ದೆ. ನನ್ನ ಎಲೆಯ ಮುಂದೆ ವಿಜಯಶ್ರೀ ಕೂತಳು, ಸೌಟು ನನ್ನ ಕೈಗೆ ಬಂತು. ಬಡಿಸುತ್ತ ಅವಳ ಬಳಿ ಬಂದಾಗ ಅವಳು ತಲೆಯೆತ್ತದೆ, ಹುಗ್ಗಿಗೆ ಇನ್ನೊಂದಿಷ್ಟು ತುಪ್ಪ ಹಾಕಲು ಹೇಳಿದಳು.