ಬೈಯುವವರು ಬೇಕಾಗಿದ್ದಾರೆ

ಮರ್ಯಾದೆಯಷ್ಟು ನಿರುಪಯೋಗಿ ಪದಾರ್ಥ ಲೋಕದಲ್ಲಿ ಇನ್ನೊಂದಿಲ್ಲ. ಕೊಡುವವನಿಗೆ ಖರ್ಚಿಲ್ಲ, ತೆಗೆದುಕೊಂಡವನಿಗೆ ಅದರಿಂದ ಒಂದು ಹಿಡಿ ಹಿಟ್ಟೂ ಹುಟ್ಟುವುದಿಲ್ಲ. ಬಹುಶಃ ಅದಕ್ಕೇ ನಮ್ಮ ಶಹಾಪುರದ ಜನ ಅದನ್ನು ಧಾರಾಳವಾಗಿ ಹಂಚುತ್ತಾರೆ. ಬಸ್ ಸ್ಟ್ಯಾಂಡಿನಿಂದ ಮನೆ ಮುಟ್ಟುವಷ್ಟರಲ್ಲಿ ನನಗೆ ಬೀಳುವ ನಮಸ್ಕಾರಗಳಿಗೆ ತಿರುಗಿ ಕೈ ಮುಗಿಯಬೇಕೆಂದರೆ ಕಾಯಿಪಲ್ಲೆಯ ಚೀಲ ಹಿಡಿಯಲು ಮೂರನೆಯ ಕೈಯೊಂದು ಬೇಕು. “ಶರಣ್ರೀ ಸರ” ಎಂದು ಪಾನ್ ಅಂಗಡಿಯವನು ಏಳುತ್ತಾನೆ, ಆಟೋದವನು ಬೀಡಿ ಬೆನ್ನ ಹಿಂದೆ ಅಡಗಿಸುತ್ತಾನೆ. ಇವರೆಲ್ಲ ನನ್ನ ಕೈಯಲ್ಲಿ ಇತಿಹಾಸ ಕಲಿತವರು. ಕಲಿತರು ಎಂಬುದು ನನ್ನ ಊಹೆ. ಅವರ ಉತ್ತರ ಪತ್ರಿಕೆಗಳಲ್ಲಿ ಅದಕ್ಕೆ ಯಾವ ಪುರಾವೆಯೂ ಸಿಕ್ಕಿರಲಿಲ್ಲ.

ನಾನು ಅತಿಥಿ ಉಪನ್ಯಾಸಕನಾಗಿದ್ದೆ. ಬೇರೆ ಮನೆಗಳಲ್ಲಿ ಅತಿಥಿಗೆ ಮೊದಲು ಊಟ ಹಾಕಿ ಆಮೇಲೆ ಕಳಿಸುತ್ತಾರೆ. ಕಾಲೇಜಿನಲ್ಲಿ ಹನ್ನೆರಡು ವರ್ಷ ಕೂರಿಸಿಕೊಂಡು, ಇತಿಹಾಸಕ್ಕೆ ಹುಡುಗರೇ ಸೇರುತ್ತಿಲ್ಲವೆಂದು ಬರಿಗೈಯಲ್ಲಿ ಕಳಿಸಿದರು. ಆ ದಿನ ಪ್ರಾಂಶುಪಾಲರು ಶಾಲು ಹೊದಿಸಿ, ಹಾರ ಹಾಕಿ, ನನ್ನಂಥ ಗುರು ಸಿಗುವುದು ಅಪರೂಪ ಎಂದು ಭಾಷಣ ಮಾಡಿದರು. ಅಪರೂಪದ ವಸ್ತುವನ್ನು ಯಾರಾದರೂ ಹೊರಗೆ ಹಾಕುತ್ತಾರೆಯೇ ಎಂದು ಕೇಳುವ ಮನಸ್ಸಾಗಿತ್ತು. ಕೊರಳಲ್ಲಿ ಹಾರವಿದ್ದವನು ಜಗಳ ತೆಗೆಯಬಾರದೆಂದು ಕೈ ಮುಗಿದು ಬಂದೆ.

ನನ್ನ ಕೋಣೆ ಖಾಲಿಯಾದ ಕೆಲವೇ ದಿನಗಳಲ್ಲಿ ಅದೇ ಕಾಲೇಜು ‘ಸಮುದಾಯ ಕಾಲೇಜು’ ಎಂಬ ಹೊಸ ಬೋರ್ಡು ಹಚ್ಚಿಕೊಂಡು, ಅದರಡಿಯಲ್ಲಿ ಲಾರಿ ಓಡಿಸುವ ತರಬೇತಿ ಶುರು ಮಾಡಿತು. ಕೌಶಲ್ಯವೇ ದೇಶದ ಭವಿಷ್ಯ, ಕೈಯಿಂದ ದುಡಿಯಲು ನಾಚಬಾರದು ಎಂದು ಪ್ರಾಂಶುಪಾಲರು ಉದ್ಘಾಟನೆಯಲ್ಲಿ ಗುಡುಗಿದರು. ತಮ್ಮ ಸ್ಕೂಟರಿನ ಸ್ಟ್ಯಾಂಡನ್ನೂ ಜವಾನನಿಂದ ಹಾಕಿಸುವ ಮಹಾಶಯರು ಅವರು. ಆದರೂ ನಾನು ಹೆಸರು ಹಚ್ಚಿದೆ. ಕಾರಣ ಸರಳ. ನನ್ನ ಹೆಂಡತಿ ನೀಲಮ್ಮನ ದೂರದ ಸಂಬಂಧಿಯೊಬ್ಬರು ಯಾದಗಿರಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಾರೆ. “ಭತ್ತ ಬರೂದ್ರಾಗ ಹೆವಿ ಲೈಸೆನ್ಸ್ ತಗೊಂಡು ಬಾ, ಲಾರಿ ನಿಂದ. ಇಲ್ಲಾಂದ್ರ ಬ್ಯಾರೆಯವ್ರನ್ನ ಇಟ್ಕೋತೀನಿ” ಎಂದು ಅವರು ಹೇಳಿದ್ದರು. ನಲವತ್ತು ದಾಟಿದ ಇತಿಹಾಸದ ಮೇಷ್ಟರಿಗೆ ಬೇರೆ ಯಾರೂ ಏನೂ ಹೇಳಿರಲಿಲ್ಲ. ಕಾರು ಓಡಿಸುವ ಲೈಸೆನ್ಸು ನನ್ನ ಹತ್ತಿರ ಮೊದಲೇ ಇತ್ತು. ಕಾರು ಮಾತ್ರ ಇರಲಿಲ್ಲ.

ಅಭ್ಯಾಸ ನಡೆಯುತ್ತಿದ್ದದ್ದು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಬಯಲಿನಲ್ಲಿ, ಕೆನಾಲಿನ ಪಕ್ಕ. ಕಲಿಸುವವನು ಬಸಲಿಂಗ, ನನ್ನದೇ ಹಳೆಯ ಶಿಷ್ಯ. ಇತಿಹಾಸದಲ್ಲಿ ಫೇಲಾಗಿ, ಮುಂಬಯಿಗೆ ಹೋಗಿ, ಲಾರಿ ಹೊಡೆದು, ಕಪ್ಪು ಕನ್ನಡಕ ಹಾಕಿಕೊಂಡು ಮರಳಿದವನು. ಅವನ ಬೋಧನಾ ಪದ್ಧತಿ ಒಂದೇ, ಬೈಗುಳ. ಗೇರು ಹಾಕುವುದನ್ನು ಬೈದು ಕಲಿಸುತ್ತಿದ್ದ, ಬ್ರೇಕು ಒತ್ತುವುದನ್ನು ಇನ್ನೂ ಹೆಚ್ಚು ಬೈದು ಕಲಿಸುತ್ತಿದ್ದ. “ಏ ಎಮ್ಮಿ ಕಾಯಾವ್ನ, ಕ್ಲಚ್ ಮ್ಯಾಲಿನ ಕಾಲು ತೆಗಿ! ಅದೇನ್ ನಿಮ್ಮಪ್ಪನ ಹೊರಸೇನು, ಕಾಲ್ ಚಾಚಿ ಮಲಗಾಕ?” ಎಂದು ಅವನು ಚೀರಿದರೆ, ಸುರಪುರದ ಕಡೆಯಿಂದ ಬಂದ ಹುಡುಗರ ಕಾಲು ತಾನೇ ಮೇಲೆ ಹಾರುತ್ತಿತ್ತು. ಅಂಥ ಹೊಲಸು ಮಾತುಗಳನ್ನು ಕೇಳಿ ನಾನು ಮೊದಲ ದಿನ ಮೂಗು ಮುರಿದೆ. ಆದರೆ ಒಂದು ವಾರದಲ್ಲಿ ಆ ಹುಡುಗರು ಲಾರಿಯನ್ನು ಗುರುತಿಗೆ ನಿಲ್ಲಿಸಿದ ಖಾಲಿ ಡ್ರಮ್ಮುಗಳ ನಡುವೆ ಹಾವಿನಂತೆ ಹಾಯಿಸತೊಡಗಿದರು.

ನನ್ನ ಸರದಿ ಬಂದಾಗ ಇದೇ ಬಸಲಿಂಗ ಕನ್ನಡಕ ತೆಗೆದು, ಸ್ಟೀರಿಂಗನ್ನು ತನ್ನ ಟವೆಲ್ಲಿನಿಂದ ಒರೆಸಿ, ನನ್ನ ಪಕ್ಕದಲ್ಲಿ ಕೈಕಟ್ಟಿ ಕೂತ. ಲಾರಿ ಹೊರಟಿತು. ಎದುರಿಗೆ ಬೇವಿನ ಗಿಡ. “ಸರ, ಭಾಳ ಚಂದ ಹೊಡಿಯಾಕತ್ತೀರಿ” ಎಂದ. ಗಿಡ ಹತ್ತಿರ ಬಂತು. “ತಪ್ಪು ತಿಳೀಬ್ಯಾಡ್ರಿ ಸರ, ನಿಮಗ ಹೇಳುವಷ್ಟು ದೊಡ್ಡಾವ ನಾ ಅಲ್ಲ.” ಗಿಡ ಇನ್ನೂ ಹತ್ತಿರ ಬಂತು. “ಆದ್ರೂ ನಿಮ್ಮ ಆಶೀರ್ವಾದದಿಂದ ಒಂದ್ ಮಾತು...” ಅಷ್ಟರಲ್ಲಿ ಗಿಡವೇ ಬಂದುಬಿಟ್ಟಿತು. ಗಾಜು ಒಡೆಯಲಿಲ್ಲ, ಬಂಪರ್ ಮಾತ್ರ ಒಳಗೆ ಹೋಯಿತು. ಹುಡುಗರೆಲ್ಲ ಓಡಿ ಬಂದರು. ಬಸಲಿಂಗ ಕೆಳಗಿಳಿದು ಬೇವಿನ ಗಿಡವನ್ನು ಸಿಟ್ಟಿನಿಂದ ನೋಡಿ, “ಗಿಡಾನ ಅಡ್ಡ ಅದ್ರಿ ಸರ. ನಿಮ್ದೇನೂ ತಪ್ಪಿಲ್ಲ” ಎಂದ.

ಅಂದಿನಿಂದ ನನ್ನ ಶಿಕ್ಷಣ ಹೀಗೇ ಸಾಗಿತು. ಟೈರು ಬಿಚ್ಚಲು ಹೋದರೆ ಹುಡುಗರು ಜಾಕು ಕಸಿದುಕೊಂಡು ಕುರ್ಚಿ ಹಾಕುತ್ತಿದ್ದರು. “ನೀವು ಕುಂಡ್ರಿ ಸರ, ನಾವು ಅದೀವಲ್ಲ.” ಆಯಿಲ್ ನೋಡಲು ಬಾನೆಟ್ ಎತ್ತಿದರೆ ನಾಲ್ಕು ತಲೆಗಳು ನನಗಿಂತ ಮೊದಲು ಒಳಗೆ ತೂರುತ್ತಿದ್ದವು. ಇಡೀ ತರಬೇತಿಯಲ್ಲಿ ನನ್ನ ಕೈಗೆ ಗ್ರೀಸು ಹತ್ತಲಿಲ್ಲ. ಡ್ರಮ್ಮು ಬೀಳಿಸಿದರೆ ಓಡಿ ಬಂದು ಎತ್ತಿ ನಿಲ್ಲಿಸಿ, ಅದು ಮೊದಲೇ ವಾಲಿತ್ತು ಎನ್ನುತ್ತಿದ್ದರು. ಎಂಥ ಸಂಸ್ಕಾರವಂತ ಮಕ್ಕಳು, ಇವರ ಮನೆ ಹಾಳಾಗ! ಗುರು ಉಪವಾಸ ಬಿದ್ದರೂ ಚಿಂತೆಯಿಲ್ಲ, ಗುರುವಿನ ತಪ್ಪು ತೋರಿಸಿದ ಪಾಪ ಮಾತ್ರ ತಟ್ಟಬಾರದು. ನಾನು ಲಾರಿ ಸಮೇತ ಕೆನಾಲಿಗೆ ಬಿದ್ದರೆ ಊರ ತುಂಬ ಶ್ರದ್ಧಾಂಜಲಿಯ ಬ್ಯಾನರು ಕಟ್ಟುತ್ತಾರೆ, ಬ್ರೇಕು ಒತ್ತಿ ಎಂದು ಮಾತ್ರ ಹೇಳುವುದಿಲ್ಲ.

ಹೊಲಗಳಲ್ಲಿ ಭತ್ತ ಹಳದಿಯಾಗತೊಡಗಿತ್ತು. ಗಿರಣಿಯವರು ಕೊಟ್ಟ ಗಡುವು ಹತ್ತಿರ ಬಂದಿತ್ತು. ಒಂದು ದಿನ ಚಹಾ ಕುಡಿಸಿ ಬಸಲಿಂಗನ ಕೈ ಹಿಡಿದುಕೊಂಡೆ. “ಬಸಲಿಂಗ, ನನಗೂ ಬೈಯಪ್ಪ.”

ಅವನು ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. “ಏನ್ ಮಾತ್ರಿ ಸರ ಇದು! ಗುರುಗಳಿಗೆ ಬೈದ್ರ ನನ್ನ ನಾಲಿಗಿಗೆ ಹುಳ ಬೀಳ್ತಾವ.”

“ಬೈಯದಿದ್ರ ನನ್ನ ಹೊಟ್ಟಿಗೆ ಮಣ್ಣು ಬೀಳ್ತದಲ್ಲೋ! ಒಂದೇ ಒಂದು ಸಲ ಪ್ರಯತ್ನ ಮಾಡು.”

ಅವನು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, “ಸರ... ನೀವು... ಭಾಳ ದಡ್...” ಎಂದು, ಅಷ್ಟಕ್ಕೇ ಬೆವತು, ಬಗ್ಗಿ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಥೂ, ನಿನ್ನ ಭಕ್ತಿಗೆ ಬೆಂಕಿ ಬೀಳಲಿ ಎಂದುಕೊಂಡು ಎದ್ದು ಬಂದೆ.

ಮರುದಿನ ನಾನು ಬುತ್ತಿ ಮರೆತು ಹೋಗಿದ್ದೆ. ನೀಲಮ್ಮ ಅದನ್ನು ತೆಗೆದುಕೊಂಡು ಬಯಲಿಗೆ ಬಂದಳು. ಅವಳು ಬರುವ ಹೊತ್ತಿಗೆ ನಾನು ಲಾರಿಯನ್ನು ಹಿಂದಕ್ಕೆ ತೆಗೆಯಲು ಹೋಗಿ ಸಾಲಾಗಿ ಡ್ರಮ್ಮುಗಳನ್ನು ಉರುಳಿಸುತ್ತಿದ್ದೆ, ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಅವಳು ಬುತ್ತಿಯನ್ನು ನೆಲಕ್ಕೆ ಕುಕ್ಕಿ, “ಡ್ರಮ್ ಕೆಡವ್ಯಾರ, ಚಪ್ಪಾಳಿ ಯಾಕ ಹೊಡೀತೀರೋ? ನಿಮಗೇನ್ ಬುದ್ಧಿಗಿದ್ಧಿ ಅದನೋ ಇಲ್ಲೋ?” ಎಂದಳು. ಆಮೇಲೆ ನನ್ನತ್ತ ತಿರುಗಿದಳು. “ಮತ್ತ ನಿಮಗ? ಆ ಕನ್ನಡಿ ಅದಕ್ಕ ಯಾಕ ಹಚ್ಯಾರ? ಕ್ರಾಪ್ ತೀಡ್ಕೊಳ್ಳಾಕೇನು?”

ನಾನು ಕನ್ನಡಿ ನೋಡಿದೆ. ದೇವರಾಣೆ, ಅದರಲ್ಲಿ ಹಿಂದಿನದು ಕಾಣುತ್ತದೆ ಎಂಬುದು ಆ ಕ್ಷಣದವರೆಗೆ ನನ್ನ ತಲೆಗೆ ಹೋಗಿರಲಿಲ್ಲ. ಲಾರಿ ನೆಟ್ಟಗೆ ಹಿಂದಕ್ಕೆ ಬಂತು. ಬಸಲಿಂಗ ಕುಣಿಯುವುದೊಂದು ಬಾಕಿ. “ಅಮ್ಮಾರ, ನೀವು ಮ್ಯಾಲ ಹತ್ರಿ!” ಎಂದು ಕ್ಯಾಬಿನ್ನಿನ ಬಾಗಿಲು ತೆರೆದು ಹಿಡಿದ.

ಆಮೇಲಿನ ದಿನಗಳಲ್ಲಿ ಕ್ಯಾಬಿನ್ನಿನಲ್ಲಿ ನಾವು ಮೂವರು. ಬಸಲಿಂಗ ನನ್ನ ತಪ್ಪನ್ನು ನೀಲಮ್ಮನ ಕಿವಿಯಲ್ಲಿ ಉಸುರುತ್ತಿದ್ದ. ಅವಳು ಅದಕ್ಕೆ ಉಪ್ಪು ಖಾರ ಬೆರೆಸಿ ನನಗೆ ಬಡಿಸುತ್ತಿದ್ದಳು. ಅವನು “ಹಾಫ್ ಕ್ಲಚ್” ಎಂದರೆ ಸಾಕು. “ಅರ್ಧ ಒತ್ರಿ, ಅರ್ಧ! ಮನ್ಯಾಗ ಎಲ್ಲಾ ಕೆಲಸ ಅರ್ಧಾನ ಮಾಡ್ತೀರಿ, ಇದೊಂದು ಯಾಕ ಪೂರಾ ಮಾಡಾಕತ್ತೀರಿ?” ಅವನು “ಸ್ಪೀಡ್ ಕಮ್ಮಿ” ಎಂದರೆ, “ಎಲ್ಲಿಗೆ ಜಲ್ದಿ? ಸಂತಿಗೆ ಕಳಿಸಿದ್ರ ಸಂಜಿಗೆ ಬರೋ ಮನಷ್ಯಾ ನೀವು!” ನನ್ನ ವಂಶ, ನನ್ನ ಡಿಗ್ರಿ, ನಮ್ಮ ಮದುವೆಯಲ್ಲಿ ನನ್ನ ಕಡೆಯವರು ಮಾಡಿದ ರಂಪ, ಎಲ್ಲವೂ ಗೇರಿಗೊಂದರಂತೆ ಹೊರಬಂದವು. ಕಲಿತೆ ನೋಡಿ ನಾನು! ಲಾರಿ ನನ್ನ ಮಾತು ಕೇಳತೊಡಗಿತು. ನಾನು ನೀಲಮ್ಮನ ಮಾತು ಕೇಳುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಯಾದಗಿರಿಯಲ್ಲಿ ಪರೀಕ್ಷೆ. ಒಳಗೆ ಹೆಂಡತಿಯನ್ನು ಕೂರಿಸಿಕೊಳ್ಳಲು ಬಿಡಲಿಲ್ಲ. ಪಕ್ಕದಲ್ಲಿ ಕೂತ ಇನ್ಸ್‌ಪೆಕ್ಟರ್ ಹೊರಗಿನ ಊರಿನವರು, ಮಿತಭಾಷಿ. “ಹಿಂದ ತಗೋರಿ” ಎಂದಷ್ಟೇ ಹೇಳಿದರು. ಅದರಲ್ಲಿ ಮರ್ಯಾದೆಯೂ ಇರಲಿಲ್ಲ, ಅವಮಾನವೂ ಇರಲಿಲ್ಲ. ಅಂಥ ಬರಡು ಮಾತಿಗೆ ನನ್ನ ಕಾಲು ಏಳಲೇ ಇಲ್ಲ. ಎಂಜಿನ್ ಕೆಮ್ಮಿ ನಿಂತಿತು. ಮತ್ತೆ ಚಾಲು ಮಾಡಿದೆ, ಮತ್ತೆ ನಿಂತಿತು. ದೂರದಲ್ಲಿ ನೀಲಮ್ಮ ಕೊಡೆ ಹಿಡಿದು ನಿಂತಿದ್ದಳು. ಅವಳ ತುಟಿ ಅಲುಗುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಗಿರಣಿಯ ಲಾರಿ ಕೈತಪ್ಪಿತು, ಇನ್ನು ಮನೆಗೆ ಯಾವ ಮುಖ ಹೊತ್ತು ಹೋಗಲಿ ಎಂದು ಕಣ್ಣು ಮಂಜಾಯಿತು. ಆಗ ಆ ಪುಣ್ಯಾತ್ಮರ ತಾಳ್ಮೆ ಕೆಟ್ಟಿತು. “ಏನ್ರೀ, ಇಲ್ಲಿ ಮಲಗಾಕ ಬಂದೀರೇನು? ಇಷ್ಟು ವಯಸ್ಸಾಗೇದ, ನಾಚಿಕಿ ಆಗಂಗಿಲ್ಲ?”

ಆಹಾ! ಕೈಕಾಲುಗಳಿಗೆ ಜೀವ ಬಂತು. ಕನ್ನಡಿ ನೋಡಿದೆ, ಅರ್ಧ ಕ್ಲಚ್ಚು ಒತ್ತಿದೆ, ಡ್ರಮ್ಮುಗಳ ನಡುವೆ ಒಂದೇ ಏಟಿಗೆ ಹಿಂದಕ್ಕೆ ಬಂದು ನಿಂತೆ. ಖುಷಿಗೆ “ಭಾಳ ಉಪಕಾರ ಆತ್ರಿ” ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು, ಆದರೆ ಪಾಸು ಮಾಡಿದರು.

ಲೈಸೆನ್ಸು ಬಂತು. ಗಿರಣಿಯವರು ಮಾತಿಗೆ ತಪ್ಪಲಿಲ್ಲ. ಈಗ ಕಷ್ಟ ತೀರಿತು ಎಂದು ನೀವು ತಿಳಿದಿದ್ದರೆ, ನೀವೂ ಕೌಶಲ್ಯವೇ ಭವಿಷ್ಯವೆಂದು ಗುಡುಗಿದ ಆ ಪ್ರಾಂಶುಪಾಲರ ಸಾಲಿನವರೇ. ಲಾರಿ ತಂದು ಓಣಿಯಲ್ಲಿ ನಿಲ್ಲಿಸಿದ ದಿನ ನೀಲಮ್ಮ ಅದಕ್ಕೆ ಆರತಿ ಬೆಳಗಿ, ನೆರೆಯವರಿಗೆಲ್ಲ ಕೇಳುವಂತೆ, “ನಮ್ಮನಿಯವ್ರು ಹೆವಿ ಡ್ರೈವರ್ ಅದಾರ” ಎಂದಳು. ಉಪನ್ಯಾಸಕನಾಗಿದ್ದಾಗ ಅವಳ ಬಾಯಲ್ಲಿ ಅಂಥ ಮಾತು ಬಂದದ್ದು ನನಗಂತೂ ನೆನಪಿಲ್ಲ. ಮರುದಿನ ಗಾಡಿ ಹಿಂದಕ್ಕೆ ತೆಗೆಯುವಾಗ ನೋಡಲೆಂದು ಅವಳನ್ನು ನಿಲ್ಲಿಸಿದರೆ, ಸೆರಗು ಹೊದ್ದು, “ಬರ್ರಿ, ನಿಮಗ ಗೊತ್ತಿಲ್ಲದ್ದೇನದ?” ಎಂದು ಮೆತ್ತಗೆ ನಗುತ್ತ ನಿಂತಳು. ನಮ್ಮದೇ ಮನೆಯ ಮುಂದಿನ ಕಟ್ಟೆ ಕುಸಿಯಿತು, ಲಾರಿಯ ಹಿಂದಿನ ದೀಪ ಪುಡಿಯಾಯಿತು. “ಹೋಗ್ಲಿ ಬಿಡ್ರಿ, ಹಳೇ ಕಟ್ಟಿ, ನಾನೇ ಒಡಸಬೇಕಂತಿದ್ದೆ” ಎಂದಳು. ಇನ್ನೊಂದು ಸಲ ಗಾಡಿಗೆ ಏಟಾದರೆ ಚಾವಿ ವಾಪಸ್ ಇಡಬೇಕೆಂದು ಗಿರಣಿಯವರು ಖಡಕ್ಕಾಗಿ ಹೇಳಿದ್ದಾರೆ.

ಇವತ್ತು ಮುಂಜಾನೆ ಲೋಡಿಗೆ ಹೊರಡುವ ಮೊದಲು ಅಡುಗೆಮನೆಗೆ ಹೋಗಿ ನಾಚಿಕೆ ಬಿಟ್ಟು ಕೇಳಿದೆ. “ನೀಲಾ, ಹೋಗೂಕಿಂತ ಮೊದ್ಲ ಒಂದೆರಡು ಮಾತು ಬೈದು ಕಳಸು.”

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಗಲ್ಲದ ಮೇಲೆ ಕೈಯಿಟ್ಟುಕೊಂಡು, “ಅಯ್ಯ ಶಿವನ, ದುಡಿಯೋ ಗಂಡಸಿಗೆ ಯಾರರ ಬೈತಾರೇನ್ರಿ?” ಎಂದಳು.

ಹಾಗಾದರೆ ನಿನ್ನಿಂದ ಬೈಸಿಕೊಂಡು ಕಾಲೇಜಿಗೆ ಹೋದ ಆ ಹನ್ನೆರಡು ವರ್ಷ ನಾನು ಏನು ಮಾಡುತ್ತಿದ್ದೆ ಎಂದು ಕೇಳಬೇಕೆನಿಸಿತು. ಆದರೆ ಓಣಿಯಿಂದ ಗಾಡಿ ಹಿಂದಕ್ಕೆ ತೆಗೆಯುವುದಿತ್ತು.